ಮುಳ್ಳು ತಳಕ್ಕಿಳಿದ ಮೇಲೆ ಮೂರು ದಿನ

ವುಪ್ಪರ್ಟಾಲಿನಲ್ಲಿ ನಮ್ಮ ಡಯಾಲಿಸಿಸ್ ವಾರ್ಡು ಎರಡನೇ ಮಹಡಿ.
ಕಿಟಕಿಯ ಮಟ್ಟಕ್ಕೇ ನೇತಾಡುತ್ತ ಹೋಗುತ್ತದೆ ತೂಗುರೈಲು,
ಅದರ ಕೆಳಗೆ ನದಿ,
ಇಲ್ಲಿ ಯಾರೂ ಕುಡಿಯಬಾರದ ಅಷ್ಟೊಂದು ನೀರು.

ಒಳಗೆ ಹನ್ನೊಂದು ಕುರ್ಚಿ, ಹನ್ನೊಂದು ಯಂತ್ರ,
ಮೂಲೆಯಲ್ಲಿ ತೂತೆಲೆಯ ಮಾನ್ಸ್ಟೆರಾ.
ಆಸ್ಪತ್ರೆಯೊಳಗೆ ಮಣ್ಣಿಗೆ ಪ್ರವೇಶವಿಲ್ಲ.
ಬೂದು ಕುಂಡದ ತುಂಬ ಸುಟ್ಟ ಜೇಡಿಯ ಗೋಲಿ,
ತಳದಲ್ಲಿ ಬೊಗಸೆ ನೀರು, ಪಕ್ಕಕ್ಕೊಂದು ಸಣ್ಣ ಕೊಳವೆ,
ಕೊಳವೆಯೊಳಗೆ ಏರಿಳಿಯುವ ಕೆಂಪು ಮುಳ್ಳು.

ನಾನು ಹೊಸಬ. ಮುಳ್ಳು ಕೆಳಗಿದ್ದರೆ ಕರುಳು ಚುರ್ ಎನ್ನುತ್ತಿತ್ತು.
ಜಗ್ಗು ತುಂಬಿ ತಂದು ಸುರಿದೇಬಿಡುತ್ತಿದ್ದೆ.

"ಏ ಹುಡುಗಾ" ಎಂದರು ಏಳನೇ ಕುರ್ಚಿಯ ಓರ್ಟ್ರೂಡ್ ಕೆಸ್ಸೆನಿಶ್,
"ಕೊಲ್ಲಬೇಕು ಅಂತಿದ್ದೀಯಾ ಅದನ್ನ?"

ಮೂವತ್ತೊಂದು ವರ್ಷ ಕಚೇರಿಗಿಡಗಳ ವ್ಯಾನು ಓಡಿಸಿದವರು.
ವಿಮೆ ಕಂಪನಿ, ಬ್ಯಾಂಕು, ತೆರಿಗೆಯವರ ಏಳು ಮಹಡಿ.
ಸಾಹೇಬರ ಹೆಸರೆಲ್ಲ ಮರೆತಿದೆ;
ಯಾವ ಫೈಕಸ್ ಯಾರು ಬಿಟ್ಟ ಕಾಫಿ ಕುಡಿದು ಸತ್ತಿತು,
ಅದು ಮಾತ್ರ ತಾರೀಖಿನ ಸಮೇತ ನೆನಪಿದೆ.

"ಮುಳ್ಳು ತಳಕ್ಕಿಳಿದ ಮೇಲೆ ಮೂರು ದಿನ ಕಾಯಿ.
ಬೇರಿಗೂ ಉಸಿರು ಬೇಕಪ್ಪ.
ನೀರಲ್ಲಿ ಬದುಕುವ ಗಿಡ ಸಾಯುವುದೂ ನೀರಿನಿಂದಲೇ.
ಆಮೇಲೆ ನಡುಗೆರೆಯವರೆಗೆ ಹಾಕು.
ಮೇಲಿನ ಗೆರೆ ಇರುವುದು ನೀನು ರಜೆಗೆ ಹೋಗುವಾಗ."

ಅವರಿಗೆ ದಿನಕ್ಕೆ ಮುಕ್ಕಾಲು ಲೀಟರು.
ಸೂಪೂ ಲೆಕ್ಕ, ದ್ರಾಕ್ಷಿಯೂ ಲೆಕ್ಕ,
ಮಾತ್ರೆ ನುಂಗುವ ಗುಟುಕೂ.
ಮಂಜುಗಡ್ಡೆಯ ಒಂದು ಚೂರನ್ನು
ಬೆಲ್ಲದ ಉಂಡೆಯಂತೆ ದವಡೆಗೊತ್ತಿ ಕರಗಿಸುತ್ತಾರೆ,
ತೂಗುರೈಲು ಮೂರು ಸಲ ದಾಟುವವರೆಗೆ.
ಬರುವಾಗ ತೂಕ, ಹೋಗುವಾಗ ತೂಕ.
ಮೂರು ಕಿಲೋ ಹೆಚ್ಚಿದ್ದರೆ ನಾನು ಹುಬ್ಬೇರಿಸುತ್ತೇನೆ.
"ಭಾನುವಾರ ಮೊಮ್ಮಗಳ ಹುಟ್ಟುಹಬ್ಬ" ಎನ್ನುತ್ತಾರೆ.
ಮೊಮ್ಮಗಳಿಗೆ ತಿಂಗಳಿಗೊಂದು ಹುಟ್ಟುಹಬ್ಬ.

ಫೆಬ್ರವರಿಯಲ್ಲಿ ಒಂದು ಚೀಲ ಬಂತು,
ಒಳಗೆ ಮಣ್ಣಿನ ಕುಂಡದಲ್ಲಿ ಫಿಲೋಡೆಂಡ್ರಾನ್.
ಎಡಗೈ ಯಂತ್ರದ ಪಾಲಾದ ಮೇಲೆ ಭಾರ ಎತ್ತುವ ಹಾಗಿಲ್ಲ.
"ಇಲ್ಲೇ ಇರಲಿ, ಗೋಲಿಗಳಲ್ಲಿ. ಮೊದಲು ತೊಳಿ.
ಉಗುರುಬೆಚ್ಚಗಿನ ನೀರು. ಮಣ್ಣಿನ ಋಣ ಪೂರ್ತಿ ಹರಿಯಬೇಕು."

ನಾಲ್ಕು ಸಲ ಸಿಂಕಿಗೆ, ನಾಲ್ಕು ಸಲ ಏಳನೇ ಕುರ್ಚಿಗೆ.
"ಇನ್ನೂ ಇದೆ ನೋಡು, ಆ ಕವಲಿನ ಸಂದಿಯಲ್ಲಿ."
ಮಗುವಿನ ಕಿವಿಯ ಹಿಂದೆ ಉಜ್ಜುವ ಹಾಗೆ ಉಜ್ಜಿದೆ.
ಕಂದು ಕೂದಲ ಗಂಟಿನಂಥ ಬೇರು, ಕೈಗೆ ಕಿತ್ತು ಬರುತ್ತಿತ್ತು.

"ಹೋಗಲಿ ಬಿಡು. ಹಳೆಯವು ಹೇಗೂ ಕೊಳೆಯುತ್ತವೆ,
ಮಣ್ಣಲ್ಲಿ ಪಳಗಿದ ಬೇರಿಗೆ ನೀರಿನ ಕೆಲಸ ಬಾರದು.
ಹೊಸವು ಬರುತ್ತವೆ, ಬೆಳ್ಳಗೆ.
ಬಂದರೆ."
ಪಂಪು ಬಿಚ್ಚಿದ ಮೆಕ್ಯಾನಿಕ್ ಹೇಳುವ ಧಾಟಿ.
ನಾನೇ ಅದರೊಳಗೆ ಏನೇನೋ ಅರ್ಥ ಹೊಗಿಸಿಕೊಂಡು
ಮುಖ ಸಪ್ಪಗೆ ಮಾಡಿ ನಿಂತೆ.
"ಗಿಡದ ಮಾತು ಕಣೋ ಅದು!" ಗದರಿದರು.
ಆರನೇ ಕುರ್ಚಿಯ ಹೆಲ್ಮಾರ್ ನಿದ್ದೆಯಲ್ಲೇ ನಕ್ಕರು.

ಎರಡು ಎಲೆ ಹಳದಿಯಾಗಿ ಉದುರಿದವು.
ಮೂರನೆಯದು ಉದುರಲೋ ಬೇಡವೋ ಎನ್ನುತ್ತ ಮಾರ್ಚಿ ಕಳೆಯಿತು.

ಇವತ್ತು ಮುಳ್ಳು ತಳಕ್ಕಿಳಿದು ಎರಡನೇ ದಿನ.
ಗೋಲಿ ನಾಲ್ಕು ಸರಿಸಿ ಇಣುಕಿದೆ.
ಬುಡದಲ್ಲೊಂದು ಬಿಳಿ ಮೊನೆ,
ಅಕ್ಕಿಯ ನುಚ್ಚಿನಷ್ಟು.
ಬೇರೋ, ಬರೀ ಉಪ್ಪಿನ ಕಣವೋ,
ಮುಟ್ಟಿ ನೋಡುವ ಧೈರ್ಯ ಬರಲಿಲ್ಲ.
ನನ್ನ ಕೈಯಲ್ಲಿ ತುಂಬಿದ ಜಗ್ಗು.

ಅವರು ಕಣ್ಣು ತೆರೆಯಲಿಲ್ಲ.
"ಕೆಳಗಿಡು ಅದನ್ನ" ಎಂದರು, "ನಾಳೆ."

ಇಟ್ಟೆ.
ನನಗೂ ಬಾಯಾರಿತ್ತು.
ಕಾರಿಡಾರಿಗೆ ಹೋಗಿ, ಬಾಗಿಲು ಎಳೆದುಕೊಂಡು,
ಸದ್ದಾಗದ ಹಾಗೆ ಕುಡಿದೆ.